ಅವರು ಕುಡಿದಿರಲಿಲ್ಲ

ಹೆತ್ತವರಿಂದ ಮಕ್ಕಳಿಗೆ ಇಳಿದು ಬರುವ ಹಂಟಿಂಗ್ಟನ್ ಕಾಯಿಲೆಯ ಮೂಲ ಮೂರಕ್ಷರದ ಒಂದು ಪದದಲ್ಲಿದೆ. ಅದನ್ನು ಹುಡುಕಿಕೊಟ್ಟವರಲ್ಲಿ ವಿಜ್ಞಾನಿಗಳ ಜೊತೆ ವೆನೆಜುವೆಲಾದ ಒಂದು ಸರೋವರದ ದಂಡೆಯ ಮೀನುಗಾರರೂ ಇದ್ದಾರೆ.

1968ರ ಒಂದು ಬೆಳಿಗ್ಗೆ ಲಾಸ್ ಏಂಜಲೀಸ್ ನಗರದಲ್ಲಿ ಲಿಯೊನೋರ್ ವೆಕ್ಸ್ಲರ್ ಎಂಬ ಹೆಂಗಸು ರಸ್ತೆ ದಾಟುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು. ನ್ಯಾಯಾಲಯದಲ್ಲಿ ಜ್ಯೂರಿಯಾಗಿ ಕೂರಲು ಕರೆ ಬಂದಿತ್ತು. ಪೊಲೀಸನೊಬ್ಬ ಅವರ ನಡಿಗೆ ನೋಡಿ ಗದರಿದ: ಇಷ್ಟು ಬೆಳಿಗ್ಗೆಯೇ ಕುಡಿದು ಬೀದಿಗಿಳಿಯಲು ನಾಚಿಕೆಯಾಗುವುದಿಲ್ಲವೇ ಎಂದು. ಲಿಯೊನೋರ್ ಒಂದು ಹನಿಯೂ ಕುಡಿದಿರಲಿಲ್ಲ.

ಅವರ ತಂದೆ ತೀರಿಕೊಂಡದ್ದು ಹಂಟಿಂಗ್ಟನ್ ಕಾಯಿಲೆಯಿಂದ. ಮೂವರು ಅಣ್ಣಂದಿರನ್ನೂ ಅದೇ ಹಿಡಿದಿತ್ತು. ಇದು ಗಂಡಸರಿಗೆ ಮಾತ್ರ ಬರುವ ಕಾಯಿಲೆ ಎಂದು ಚಿಕ್ಕಂದಿನಲ್ಲಿ ಯಾರೋ ಹೇಳಿದ್ದನ್ನು ಆಕೆ ನಂಬಿದ್ದರು. ಜೀವಶಾಸ್ತ್ರ ಓದಿದವರೇ ಆದರೂ ಆ ನಂಬಿಕೆಯನ್ನು ಕೈಬಿಡಲು ಮನಸ್ಸು ಬಂದಿರಲಿಕ್ಕಿಲ್ಲ. ಪೊಲೀಸನ ಮಾತು ಕೇಳಿದ ಮೇಲೆ ನರರೋಗ ತಜ್ಞರ ಬಳಿ ಹೋದರು. ಅಲ್ಲಿ ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಆಕೆಗೆ ಇಬ್ಬರು ಹೆಣ್ಣುಮಕ್ಕಳು, ಆಲಿಸ್ ಮತ್ತು ನ್ಯಾನ್ಸಿ. ಮಕ್ಕಳ ತಂದೆ ಮಿಲ್ಟನ್ ವೆಕ್ಸ್ಲರ್ ಮನೋವಿಶ್ಲೇಷಕರು. ಅವರ ಅರವತ್ತನೇ ಹುಟ್ಟುಹಬ್ಬಕ್ಕೆಂದು ಊರಿಗೆ ಬಂದ ಮಕ್ಕಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದರು: ಅಮ್ಮನಿಗೆ ಬಂದದ್ದು ಏನು, ಅದಕ್ಕೆ ಮದ್ದಿಲ್ಲ ಎಂಬುದು, ನಿಮ್ಮಿಬ್ಬರಿಗೂ ಅದು ಬರುವ ಸಂಭವ ಅರ್ಧಕ್ಕರ್ಧ ಎಂಬುದು. ನ್ಯಾನ್ಸಿಗೆ ಆಗ 23 ವರ್ಷ. ಅಕ್ಕತಂಗಿಯರಿಬ್ಬರೂ ಮಕ್ಕಳು ಬೇಡವೆಂದು ತೀರ್ಮಾನಿಸಿಕೊಂಡರು. ಅದೇ ವರ್ಷ ಮಿಲ್ಟನ್ ಈ ಕಾಯಿಲೆಯ ಸಂಶೋಧನೆಗೆಂದೇ ಒಂದು ಪ್ರತಿಷ್ಠಾನ ಕಟ್ಟಿದರು. ಕಾಯಿಲೆಯ ಬೇರನ್ನು ಹಿಡಿದ ಕಥೆ ಬಹುಮಟ್ಟಿಗೆ ಈ ಮನೆಯಿಂದಲೇ ಹೊರಡುತ್ತದೆ.

ಕಾಡುದಾರಿಯಲ್ಲಿ ಕಂಡ ತಾಯಿ ಮಗಳು

ಕಾಯಿಲೆಗೆ ಹೆಸರು ಕೊಟ್ಟ ಜಾರ್ಜ್ ಹಂಟಿಂಗ್ಟನ್ ಹುಟ್ಟಿದ್ದು 1850ರಲ್ಲಿ, ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್ ದ್ವೀಪದ ಈಸ್ಟ್ ಹ್ಯಾಂಪ್ಟನ್ ಎಂಬ ಊರಿನಲ್ಲಿ. ಅಪ್ಪ, ಅಜ್ಜ ಇಬ್ಬರೂ ಅದೇ ಊರಿನ ವೈದ್ಯರು. ರೋಗಿಗಳನ್ನು ನೋಡಲು ಹೊರಡುವ ಅಪ್ಪನ ಜೊತೆ ಹುಡುಗ ಒಂದು ದಿನ ಕಾಡುದಾರಿಯಲ್ಲಿ ಹೋಗುತ್ತಿದ್ದಾಗ ಇಬ್ಬರು ಹೆಂಗಸರು ಎದುರಾದರು. ತಾಯಿ ಮತ್ತು ಮಗಳು. ಎತ್ತರದ ಆಳು, ಹೆಣದಂತೆ ಬಡಕಲು ಮೈ. ಇಬ್ಬರೂ ಬಾಗುತ್ತ, ತಿರುಚಿಕೊಳ್ಳುತ್ತ, ಮುಖ ಸೊಟ್ಟ ಮಾಡುತ್ತ ನಡೆದು ಬರುತ್ತಿದ್ದರು. ಹುಡುಗ ಬೆಚ್ಚಿಬಿದ್ದ. ಅಪ್ಪ ಗಾಡಿ ನಿಲ್ಲಿಸಿ ಅವರನ್ನು ಮಾತನಾಡಿಸಿ ಮುಂದೆ ಹೋದರು. ಮುದಿತನದಲ್ಲೂ ಹಂಟಿಂಗ್ಟನ್ ಆ ಕ್ಷಣವನ್ನು ಮರೆತಿರಲಿಲ್ಲ, 1909ರಲ್ಲಿ ವೈದ್ಯರ ಸಭೆಯೊಂದರಲ್ಲಿ ಅದನ್ನು ನೆನೆದುಕೊಂಡರು.

ವೈದ್ಯ ಪದವಿ ಪಡೆದ ಮರುವರ್ಷವೇ, 1872ರಲ್ಲಿ, ಕೊರಿಯಾದ ಬಗ್ಗೆ ಅವರು ಬರೆದ ಲೇಖನ ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ವಯಸ್ಸು 22. ಕೊರಿಯಾ ಎಂದರೆ ಗ್ರೀಕ್ ಭಾಷೆಯಲ್ಲಿ ಕುಣಿತ. ತಾನಾಗಿಯೇ ಆಗುವ, ತಡೆಯಲಾಗದ ಅಂಗಚಲನೆಗೆ ವೈದ್ಯರು ಇಟ್ಟ ಹೆಸರು. ಲೇಖನದ ಬಹುಭಾಗ ಮಕ್ಕಳಲ್ಲಿ ಕಾಣುವ ಸಾಮಾನ್ಯ ಕೊರಿಯಾ ಕುರಿತದ್ದು. ಕೊನೆಯ ಕೆಲವೇ ಪ್ಯಾರಾಗಳಲ್ಲಿ ತಮ್ಮ ಊರಿನ ಕೆಲವು ಮನೆತನಗಳ ವಿಚಾರ ಬರುತ್ತದೆ. ಈ ಬಗೆಯ ಕೊರಿಯಾ ವಂಶದಲ್ಲಿ ಹರಿದು ಬರುತ್ತದೆ, ನಡುವಯಸ್ಸಿನಲ್ಲಿ ತಲೆ ಎತ್ತುತ್ತದೆ, ಮನಸ್ಸನ್ನೂ ಕೆಡಿಸುತ್ತದೆ, ಒಂದು ತಲೆಮಾರಿನಲ್ಲಿ ಒಬ್ಬರು ತಪ್ಪಿಸಿಕೊಂಡರೆ ಅವರ ಸಂತಾನಕ್ಕೆ ಮತ್ತೆಂದೂ ಬಾರದು ಎಂದು ಅವರು ಬರೆದರು. ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡುಕೊಂಡ ಆನುವಂಶಿಕತೆಯ ನಿಯಮ ಆಗಿನ್ನೂ ಜಗತ್ತಿನ ಗಮನಕ್ಕೇ ಬಂದಿರಲಿಲ್ಲ. ಅಜ್ಜ, ಅಪ್ಪ ಬರೆದಿಟ್ಟ ಟಿಪ್ಪಣಿಗಳು ಕೈಯಲ್ಲಿದ್ದುದರಿಂದ ಮೊಮ್ಮಗನಿಗೆ ಮೂರು ತಲೆಮಾರಿನ ರೋಗಿಗಳು ಒಟ್ಟಿಗೇ ಕಂಡರು. ಇಂಥ ಕಾಯಿಲೆಯನ್ನು ಒಬ್ಬ ರೋಗಿಯನ್ನಷ್ಟೇ ನೋಡಿ ಅರ್ಥಮಾಡಿಕೊಳ್ಳಲು ಆಗದು.

ಹಾಲು ಕರೆಯುವ ಬೆರಳು

ಹೆಚ್ಚಿನವರಲ್ಲಿ ಇದು ಮೂವತ್ತರಿಂದ ಐವತ್ತರ ನಡುವೆ ಶುರುವಾಗುತ್ತದೆ. ಮೊದಮೊದಲು ಮನೆಯವರ ಗಮನಕ್ಕೆ ಬರುವುದು ಸಿಟ್ಟು. ಶಾಂತವಾಗಿದ್ದ ಮನುಷ್ಯ ಸಣ್ಣದಕ್ಕೆಲ್ಲ ರೇಗುತ್ತಾನೆ, ಲೆಕ್ಕ ತಪ್ಪುತ್ತಾನೆ, ಕೆಲಸ ಬಿಡುತ್ತಾನೆ, ಮಂಕಾಗಿ ಕೂರುತ್ತಾನೆ. ಬೆರಳುಗಳು ಕಾಣದ ಹಾರ್ಮೋನಿಯಂ ನುಡಿಸುವಂತೆ ಆಡತೊಡಗುತ್ತವೆ. ಭುಜ ಕುಣಿಯುತ್ತದೆ, ಹುಬ್ಬು ಹಾರುತ್ತದೆ, ಕಾಲು ಎಲ್ಲೋ ಇಡಲು ಹೋಗಿ ಇನ್ನೆಲ್ಲೋ ಬೀಳುತ್ತದೆ.

ವೈದ್ಯರು ಮಾಡುವ ಒಂದು ಸರಳ ಪರೀಕ್ಷೆ ಇದೆ. ತಮ್ಮ ಎರಡು ಬೆರಳನ್ನು ರೋಗಿಯ ಮುಷ್ಟಿಗೆ ಕೊಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ ಎನ್ನುತ್ತಾರೆ. ಹಿಡಿತ ಒಂದೇ ಸಮ ನಿಲ್ಲುವುದಿಲ್ಲ. ಬಿಗಿಯಾಗುತ್ತದೆ, ಸಡಿಲವಾಗುತ್ತದೆ, ಮತ್ತೆ ಬಿಗಿಯಾಗುತ್ತದೆ, ಕೆಚ್ಚಲಿನಿಂದ ಹಾಲು ಕರೆಯುವ ಕೈಯ ಹಾಗೆ. ವೈದ್ಯಕೀಯದಲ್ಲಿ ಇದರ ಹೆಸರೇ ಹಾಲು ಕರೆಯುವವಳ ಹಿಡಿತ. ನಾಲಿಗೆ ಚಾಚಿ ಹಾಗೇ ಇಟ್ಟುಕೊಳ್ಳಿ ಎಂದರೂ ಆಗುವುದಿಲ್ಲ, ತಾನಾಗಿಯೇ ಒಳಗೆ ಸರಿದುಬಿಡುತ್ತದೆ. ಗಾಢ ನಿದ್ದೆ ಹತ್ತಿದಾಗ ಮಾತ್ರ ಈ ಚಲನೆಯೆಲ್ಲ ಬಹುಪಾಲು ನಿಲ್ಲುತ್ತದೆ.

ಮಿದುಳಿನ ಆಳದಲ್ಲಿರುವ ಸ್ಟ್ರಯಾಟಮ್ ಎಂಬ ಭಾಗದ ನರಕೋಶಗಳು ಒಂದೊಂದಾಗಿ ಸಾಯುವುದರಿಂದ ಇದೆಲ್ಲ ಆಗುತ್ತದೆ. ಯಾವ ಅಂಗ ಅಲುಗಬೇಕು, ಯಾವುದು ಸುಮ್ಮನಿರಬೇಕು ಎಂದು ಸೋಸುವ ಜಾಗ ಅದು. ಕಾಯಿಲೆ ಕಾಣಿಸಿಕೊಂಡ ಮೇಲೆ ಸಾಮಾನ್ಯವಾಗಿ 15-20 ವರ್ಷ ಬದುಕುತ್ತಾರೆ. ಎಷ್ಟು ಉಂಡರೂ ತೂಕ ಇಳಿಯುತ್ತದೆ. ಮಾತು ತೊದಲಿ ನಿಂತುಹೋಗುತ್ತದೆ. ನುಂಗುವುದು ಕಷ್ಟವಾಗುತ್ತದೆ. ಅನ್ನದ ಅಗುಳು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಿ ಸಾಯುವವರೇ ಹೆಚ್ಚು. ತನ್ನವರು ಯಾರೆಂಬುದು ಮಾತ್ರ ಬಹುಕಾಲ ತಿಳಿಯುತ್ತಿರುತ್ತದೆ. ಮಾತು ನಿಂತಿದೆಯೆಂದು ಎದುರಿಗೇ ಏನೇನೋ ಆಡಿಕೊಳ್ಳುವ ಮನೆಯವರು ಇದನ್ನು ತಿಳಿದಿರಬೇಕು.

ರಾಮಕೋಟಿಯ ಲೆಕ್ಕ

ಮನುಷ್ಯನ ಡಿಎನ್‌ಎಯಲ್ಲಿ ಸುಮಾರು ಮುನ್ನೂರು ಕೋಟಿ ಅಕ್ಷರಗಳಿವೆ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು ಬೇರೆ ಬೇರೆ ಕ್ರಮದಲ್ಲಿ ಕೂತಿರುತ್ತವೆ. ಮೂರು ಮೂರು ಅಕ್ಷರ ಸೇರಿದರೆ ಒಂದು ಪದ, ಒಂದು ಪದಕ್ಕೆ ಒಂದು ಅಮೈನೋ ಆಮ್ಲ. ಅವನ್ನು ಪೋಣಿಸಿದರೆ ಪ್ರೊಟೀನ್. ನಾಲ್ಕನೇ ವರ್ಣತಂತುವಿನ ತುದಿಯ ಹತ್ತಿರ ಹಂಟಿಂಗ್ಟಿನ್ ಎಂಬ ದೊಡ್ಡ ಪ್ರೊಟೀನ್ ತಯಾರಿಸುವ ವಂಶವಾಹಿ ಇದೆ. ಅದರ ಆರಂಭದಲ್ಲೇ ಸಿಎಜಿ ಎಂಬ ಪದ ಸಾಲಾಗಿ ಮತ್ತೆ ಮತ್ತೆ ಬರುತ್ತದೆ: ಸಿಎಜಿ, ಸಿಎಜಿ, ಸಿಎಜಿ. ಇದು ತಪ್ಪೇನಲ್ಲ, ಎಲ್ಲರಲ್ಲೂ ಇರುವಂಥದು. ಹೆಚ್ಚಿನವರಲ್ಲಿ ಹದಿನೇಳೋ ಇಪ್ಪತ್ತೋ ಸಲ ಇರುತ್ತದೆ.

ರಾಮಕೋಟಿ ಬರೆಯುವವರನ್ನು ನೋಡಿದ್ದೀರಲ್ಲ. ಕಥೆಯನ್ನೋ ಕಾಗದವನ್ನೋ ನಕಲು ಮಾಡುವಾಗ ಒಂದು ಪದ ಬಿಟ್ಟರೆ ಅರ್ಥ ಕೆಟ್ಟು ತಕ್ಷಣ ಗೊತ್ತಾಗುತ್ತದೆ. ಒಂದೇ ನಾಮವನ್ನು ಸಾಲುಸಾಲು ಬರೆಯುವಾಗ ಹಾಗಲ್ಲ. ಎಲ್ಲಿದ್ದೆವೆಂದು ಕಣ್ಣು ತಪ್ಪುತ್ತದೆ, ಎರಡು ಹೆಚ್ಚಾದರೂ ಕಡಿಮೆಯಾದರೂ ತಿಳಿಯುವುದಿಲ್ಲ. ಡಿಎನ್‌ಎ ನಕಲು ಮಾಡುವ ಯಂತ್ರವೂ ಸಿಎಜಿ ಸಾಲಿನಲ್ಲಿ ಹೀಗೆಯೇ ಲೆಕ್ಕ ತಪ್ಪುತ್ತದೆ. ಸಾಲು ಉದ್ದವಾದಷ್ಟೂ ತಪ್ಪುವುದು ಹೆಚ್ಚು.

26ರವರೆಗೆ ಏನೂ ಭಯವಿಲ್ಲ. 27ರಿಂದ 35ರವರೆಗೆ ಇದ್ದವರಿಗೆ ಕಾಯಿಲೆ ಬಾರದು, ಆದರೆ ಮಕ್ಕಳಿಗೆ ದಾಟುವಾಗ ಸಾಲು ಬೆಳೆಯಬಹುದು. 36ರಿಂದ 39ರವರೆಗೆ ಬರಬಹುದು, ಬಾರದೆಯೂ ಇರಬಹುದು. 40 ಮುಟ್ಟಿದರೆ, ಆಯುಸ್ಸು ಪೂರ್ತಿ ಬದುಕುವ ಮನುಷ್ಯನಿಗೆ ಕಾಯಿಲೆ ಬಂದೇ ಬರುತ್ತದೆ. 60 ದಾಟಿದರೆ ಬಾಲ್ಯದಲ್ಲೋ ಹರೆಯದಲ್ಲೋ ಶುರುವಾಗುತ್ತದೆ. ಅಂಥ ಮಕ್ಕಳಲ್ಲಿ ಕುಣಿತಕ್ಕಿಂತ ಮೈ ಸೆಟೆದುಕೊಳ್ಳುವುದು, ಫಿಟ್ಸ್ ಬರುವುದು ಹೆಚ್ಚು. ಸಾಲು ದೊಡ್ಡದಾಗಿ ಜಿಗಿಯುವುದು ಹೆಚ್ಚಾಗಿ ತಂದೆಯಿಂದ ದಾಟುವಾಗ. ಅಪ್ಪನಿಗೆ ನಲವತ್ತೈದಕ್ಕೆ ಬಂದದ್ದು ಮಗನಿಗೆ ಹದಿನೈದಕ್ಕೇ ಬರುವುದು ಈ ಕಾರಣಕ್ಕೆ.

ಪ್ರತಿಯೊಬ್ಬರಲ್ಲೂ ಈ ವಂಶವಾಹಿಯ ಎರಡು ಪ್ರತಿಗಳಿರುತ್ತವೆ, ಅಮ್ಮನದೊಂದು, ಅಪ್ಪನದೊಂದು. ಒಂದು ಕೆಟ್ಟಿದ್ದರೆ ಸಾಕು. ಹಾಗಾಗಿ ಕಾಯಿಲೆಯುಳ್ಳವರ ಪ್ರತಿ ಮಗುವಿಗೂ ಅದು ದಾಟುವ ಸಂಭವ ಅರ್ಧ. ನಾಲ್ಕು ಮಕ್ಕಳಿದ್ದರೆ ಇಬ್ಬರಿಗೆ ಬರುತ್ತದೆ ಎಂದು ಇದರ ಅರ್ಥವಲ್ಲ. ಪ್ರತಿ ಗರ್ಭಕ್ಕೂ ನಾಣ್ಯ ಹೊಸದಾಗಿ ಚಿಮ್ಮುತ್ತದೆ. ನಾಲ್ವರಿಗೂ ಬರಬಹುದು, ಒಬ್ಬರಿಗೂ ಬಾರದಿರಬಹುದು. ಗಂಡು ಹೆಣ್ಣೆಂಬ ಭೇದವಿಲ್ಲ.

ನಮ್ಮ ಕಡೆ ಇಂಥ ಮಾತು ಬಂದಾಗ ಮೊದಲು ಏಳುವ ಪ್ರಶ್ನೆ, ಸೋದರಿಕೆಯಲ್ಲಿ ಮದುವೆ ಮಾಡಿದ್ದಕ್ಕೆ ಹೀಗಾಯಿತೇ ಎಂದು. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಟ್ಟ ಹಿರಿಯರ ಮೇಲೆ ತಪ್ಪು ಹೊರಿಸಲಾಗುತ್ತದೆ. ಹಂಟಿಂಗ್ಟನ್ ಮಟ್ಟಿಗೆ ಅದು ಸರಿಯಲ್ಲ. ಇದು ಬರಲು ಒಂದು ಕೆಟ್ಟ ಪ್ರತಿ ಸಾಕಾದ್ದರಿಂದ ಹೊರಗಿನಿಂದ ಹೆಣ್ಣು ತಂದರೂ ಒಳಗಿನಿಂದ ತಂದರೂ ಸಂಭವ ಒಂದೇ. ಸೋದರಿಕೆಯಿಂದ ಅಪಾಯ ಹೆಚ್ಚುವುದು ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ ಕಾಯಿಲೆಗಳಲ್ಲಿ. ಮೈಯಲ್ಲಿ ತಾಮ್ರ ಶೇಖರವಾಗಿ ಹರೆಯದಲ್ಲೇ ನಡುಕ, ತೊದಲು ತರುವ ವಿಲ್ಸನ್ ಕಾಯಿಲೆ ಅಂಥದು. ವಿಲ್ಸನ್‌ಗೆ ಔಷಧ ಇದೆ, ಬೇಗ ಗುರುತಿಸಿದರೆ ಹುಡುಗ ಓದು ಮುಗಿಸಿ ಕೆಲಸಕ್ಕೂ ಹೋಗಬಲ್ಲ. ಕೈಕಾಲು ಆಡುವ ಕಾಯಿಲೆಗಳೆಲ್ಲ ಒಂದೇ ಎಂದುಕೊಂಡು ಸುಮ್ಮನೆ ಕೂರಬಾರದೆಂದು ಹೇಳಲು ಇದೊಂದೇ ಕಾರಣ ಸಾಕು.

ಮರಕೈಬೊ ದಂಡೆಯಲ್ಲಿ

ವೆನೆಜುವೆಲಾದ ವಾಯವ್ಯಕ್ಕೆ ಮರಕೈಬೊ ಸರೋವರವಿದೆ. ತಳದಲ್ಲಿ ಪೆಟ್ರೋಲಿಯಂ, ದಂಡೆಯಲ್ಲಿ ಬಡತನ. ಸ್ಯಾನ್ ಲೂಯಿಸ್, ಬರಾಂಕಿಟಾಸ್ ಎಂಬ ಬಡಾವಣೆ, ಹಳ್ಳಿಗಳು. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳ ಲಗುನೆಟಾ. ಅಮೆರಿಕೊ ನೆಗ್ರೆಟೆ ಎಂಬ ತರುಣ ವೈದ್ಯ 1950ರ ದಶಕದ ಆರಂಭದಲ್ಲಿ ಸ್ಯಾನ್ ಲೂಯಿಸ್‌ಗೆ ಬಂದಾಗ ಬೀದಿಯಲ್ಲಿ ತೂರಾಡುವವರನ್ನು ಕಂಡು ಎಷ್ಟೊಂದು ಜನ ಕುಡುಕರು ಎಂದುಕೊಂಡರು. ಅವರು ಕುಡಿದಿಲ್ಲ, ಅವರಿಗೆ ಮಾಲ್ ಇದೆ ಎಂದು ಊರವರು ಹೇಳಿದರು. ಮಾಲ್ ಎಂದರೆ ಅಲ್ಲಿನ ಭಾಷೆಯಲ್ಲಿ ಕೇಡು, ಪಿಡುಗು. ತಮ್ಮ ತಪ್ಪು ಅರಿವಾದ ಮೇಲೆ ನೆಗ್ರೆಟೆ ಬಿಡಲಿಲ್ಲ. ಮನೆಮನೆ ಸುತ್ತಿ ಇದು ಹಂಟಿಂಗ್ಟನ್ ಎಂದು ಗುರುತಿಸಿದರು, 1963ರಲ್ಲಿ ಪುಸ್ತಕ ಬರೆದರು. ಸ್ಪ್ಯಾನಿಷಿನಲ್ಲಿದ್ದ ಆ ಪುಸ್ತಕವನ್ನು ಹೊರಗಿನವರು ಯಾರೂ ಓದಲಿಲ್ಲ.

ಹಂಟಿಂಗ್ಟನ್ ಲೇಖನಕ್ಕೆ ನೂರು ತುಂಬಿದ 1972ರಲ್ಲಿ ಅಮೆರಿಕದ ಓಹಾಯೊದಲ್ಲಿ ಸಮ್ಮೇಳನ ನಡೆಯಿತು. ನೆಗ್ರೆಟೆಯವರ ಶಿಷ್ಯ ರಮೋನ್ ಅವಿಲಾ ಹಿರೋನ್ ಅಲ್ಲಿ ಒಂದು ಕಿರುಚಿತ್ರ ತೋರಿಸಿದರು. ಜಗತ್ತಿನಲ್ಲಿ ಲಕ್ಷಕ್ಕೆ ಹತ್ತರ ಆಸುಪಾಸಿನಲ್ಲೂ, ಹಲವೆಡೆ ಅದಕ್ಕಿಂತ ಕಡಿಮೆಯೂ ಇರುವ ಕಾಯಿಲೆ ಇಲ್ಲಿ ಬೀದಿಬೀದಿಯಲ್ಲಿತ್ತು. ಸಭೆಯಲ್ಲಿ ನ್ಯಾನ್ಸಿ ವೆಕ್ಸ್ಲರ್ ಕೂತಿದ್ದರು.

1979ರಲ್ಲಿ ನ್ಯಾನ್ಸಿ ಆ ದಂಡೆಗೆ ಹೋದರು. ಆಮೇಲೆ ಎರಡು ದಶಕ, ವರ್ಷವರ್ಷವೂ ತಂಡ ಕಟ್ಟಿಕೊಂಡು ಹೋದರು. ಒಂದೇ ಮೂಲದಿಂದ ಕವಲೊಡೆದ ಹತ್ತು ತಲೆಮಾರಿನ 18,000ಕ್ಕೂ ಹೆಚ್ಚು ಜನರ ವಂಶವೃಕ್ಷ ಬರೆದರು. ಬುಡದಲ್ಲಿ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬದುಕಿದ್ದ ಮರಿಯಾ ಕೊನ್ಸೆಪ್ಸಿಯೋನ್ ಎಂಬ ಹೆಂಗಸು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆ ವಂಶವೃಕ್ಷವನ್ನು ಹರಡಲು ಒಂದಿಡೀ ಗೋಡೆ ಬೇಕಾಯಿತು.

ಒಂದು ದಿನದ ಸಂಗತಿ ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹೊರಗಿನಿಂದ ಬಂದ ಬಿಳಿಯ ಹೆಂಗಸಿಗೆ ರಕ್ತ, ಚರ್ಮದ ಚೂರು ಏಕೆ ಕೊಡಬೇಕೆಂದು ಜನ ಹಿಂಜರಿಯುತ್ತಿದ್ದರು. ಮಾಲ್ ತಮ್ಮ ದಂಡೆಗೆ ಮಾತ್ರ ಅಂಟಿದ ಪಿಡುಗೆಂದು ಅವರ ಎಣಿಕೆ. ನನ್ನ ಅಮ್ಮನಿಗೂ ಇದೇ ಇತ್ತು ಎಂದು ನ್ಯಾನ್ಸಿ ಹೇಳಿದರೂ ಯಾರೂ ನಂಬಲಿಲ್ಲ. ಸಂಶೋಧನೆಗೆಂದು ಆಕೆಯೂ ತನ್ನ ತೋಳಿನ ಚರ್ಮ ಕೊಟ್ಟಿದ್ದರು. ತಂಡದ ನರ್ಸ್ ಒಬ್ಬರು ನ್ಯಾನ್ಸಿಯ ಕೈ ಹಿಡಿದು ಜನರ ನಡುವೆ ಸುತ್ತಿಸಿ ಆ ಗಾಯದ ಕಲೆಯನ್ನು ಒಬ್ಬೊಬ್ಬರಿಗೂ ತೋರಿಸಿದರು: ನೋಡಿ, ಇವಳಿಗೂ ಗುರುತಿದೆ. ಆಮೇಲೆ ಜನ ಮುಂದೆ ಬಂದರು. ವರ್ಷಗಳುದ್ದಕ್ಕೂ 4,000ಕ್ಕೂ ಹೆಚ್ಚು ಮಂದಿ ತೋಳು ಚಾಚಿದರು.

ಮರಕೈಬೊದಲ್ಲಿ ತೆಗೆದ ರಕ್ತ ಬಾಸ್ಟನ್‌ಗೆ, ಜೇಮ್ಸ್ ಗುಸೆಲ್ಲಾ ಅವರ ಪ್ರಯೋಗಾಲಯಕ್ಕೆ ಹೋಗುತ್ತಿತ್ತು. ವಂಶವಾಹಿ ಎಲ್ಲಿದೆಯೆಂದು ಗೊತ್ತಿಲ್ಲ. ಡಿಎನ್‌ಎಯಲ್ಲಿ ಗುರುತುಕಂಬಗಳಂಥ ಕೆಲವು ತುಣುಕುಗಳನ್ನು ಹಿಡಿದು, ಯಾವ ತುಣುಕು ಕಾಯಿಲೆಯ ಜೊತೆಜೊತೆಗೇ ತಲೆಮಾರು ದಾಟುತ್ತದೆ ಎಂದು ನೋಡುವುದು ಅವರ ಉಪಾಯ. ಹತ್ತಾರು ವರ್ಷ ಹಿಡಿಯುತ್ತದೆಂದು ಎಲ್ಲರೂ ಅಂದುಕೊಂಡಿದ್ದರು. ಮೊದಲ ಹನ್ನೆರಡು ತುಣುಕುಗಳೊಳಗೇ ಒಂದು ಕೈಗೆ ಸಿಕ್ಕಿತು! 1983ರ ನವೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಸುದ್ದಿ ಹೊರಬಿತ್ತು: ವಂಶವಾಹಿ ನಾಲ್ಕನೇ ವರ್ಣತಂತುವಿನಲ್ಲಿದೆ.

ಊರು ಗೊತ್ತಾದ ಮೇಲೆ ಮನೆ ಹುಡುಕಲು ಇನ್ನೂ ಹತ್ತು ವರ್ಷ ಬೇಕಾಯಿತು. ಅಮೆರಿಕ, ಬ್ರಿಟನ್‌ಗಳ ಆರು ತಂಡಗಳು ತಮ್ಮ ತಮ್ಮ ಪೈಪೋಟಿ ಬದಿಗಿಟ್ಟು ಒಂದಾಗಿ ದುಡಿದವು. 1993ರ ಮಾರ್ಚಿನಲ್ಲಿ ಸೆಲ್ ಪತ್ರಿಕೆಯಲ್ಲಿ ಬಂದ ಲೇಖನದ ಕರ್ತೃಸ್ಥಾನದಲ್ಲಿ ಇದ್ದದ್ದು ಒಂದು ಗುಂಪಿನ ಹೆಸರು, ಒಳಗೆ 58 ಜನ. ಸಿಎಜಿ ಸಾಲು ಉದ್ದವಾಗಿರುವುದೇ ಕಾಯಿಲೆಯ ಕಾರಣವೆಂದು ಜಗತ್ತಿಗೆ ತಿಳಿದದ್ದು ಅಂದು.

ಬಚ್ಚಿಡುವುದಕ್ಕೆ ಕಾರಣವಿತ್ತು

ಈ ಕಾಯಿಲೆಯ ಮನೆತನಗಳು ಬಾಯಿ ಬಿಡುವುದಿಲ್ಲವೆಂದು ವೈದ್ಯರು ದೂರುವುದುಂಟು. ಅವರು ಹೆದರಿದ್ದಕ್ಕೆ ಇತಿಹಾಸದಲ್ಲಿ ಆಧಾರವಿದೆ. 1916ರಲ್ಲಿ ಅಮೆರಿಕದ ಚಾರ್ಲ್ಸ್ ಡಾವೆನ್‌ಪೋರ್ಟ್ ಈ ಕಾಯಿಲೆಯ ಸುಮಾರು ಸಾವಿರ ಜನರ ವಂಶಾವಳಿ ಕಲೆಹಾಕಿ ಪ್ರಕಟಿಸಿದರು. ಇಂಥ ವಂಶದವರಿಗೆ ಮಕ್ಕಳಾಗದಂತೆ ಸರ್ಕಾರ ತಡೆಯಬೇಕೆಂಬುದು ಅವರ ನಿಲುವು. 1933ರಲ್ಲಿ ನಾಜಿ ಜರ್ಮನಿ ಬಲವಂತದ ಸಂತಾನಹರಣದ ಕಾನೂನು ಮಾಡಿದಾಗ ಪಟ್ಟಿ ಮಾಡಿದ ಒಂಬತ್ತು ಸ್ಥಿತಿಗಳಲ್ಲಿ ಹಂಟಿಂಗ್ಟನ್ ಹೆಸರು ಹೇಳಿ ಸೇರಿಸಿತ್ತು. ವಂಶವೃಕ್ಷ ಕೇಳುವ ವೈದ್ಯನ ಎದುರು ಬಾಯಿ ಮುಚ್ಚಿದ ಅಜ್ಜಿಯನ್ನು ದಡ್ಡಿ ಎನ್ನಲು ನನಗೆ ಮನಸ್ಸಿಲ್ಲ.

ನಮ್ಮಲ್ಲಿ ಮುಚ್ಚಿಡುವುದಕ್ಕೆ ಬೇರೆಯೇ ಕಾರಣ: ಮನೆಯ ಹೆಣ್ಣುಮಕ್ಕಳಿಗೆ ಗಂಡು ಸಿಗುವುದಿಲ್ಲ. ಅಪ್ಪನನ್ನು ಹಿತ್ತಿಲ ಕೋಣೆಯಲ್ಲಿ ಕೂರಿಸುತ್ತಾರೆ, ಬಂದ ನೆಂಟರಿಗೆ ಪಾರ್ಶ್ವವಾಯು ಎನ್ನುತ್ತಾರೆ. ಹರಕೆ, ನಾಗದೋಷದ ಶಾಂತಿ ಎಲ್ಲ ಮುಗಿದ ಮೇಲೆ ಆಸ್ಪತ್ರೆ.

ಹಾಡುಗಾರ ವುಡಿ ಗತ್ರಿಯ ಬದುಕು ಈ ಮುಚ್ಚುಮರೆಯ ಬೆಲೆಯನ್ನು ತೋರಿಸುತ್ತದೆ. ಅಮೆರಿಕದ ಶಾಲಾಮಕ್ಕಳೆಲ್ಲ ಇಂದಿಗೂ ಹಾಡುವ ಹಾಡು ಬರೆದವನು. ತಾಯಿ ನೋರಾ ಹುಚ್ಚಾಸ್ಪತ್ರೆಯಲ್ಲಿ ಸತ್ತಳು, ಏನಾಗಿತ್ತೆಂದು ಮಗನಿಗೆ ಯಾರೂ ಬಿಡಿಸಿ ಹೇಳಲಿಲ್ಲ. ತನಗೇ ಕೈಕಾಲು ತಪ್ಪತೊಡಗಿದಾಗ ಕುಡಿತದ ಚಟ ಎಂದರು, ಸ್ಕಿಜೋಫ್ರೇನಿಯಾ ಎಂದರು. ಹಂಟಿಂಗ್ಟನ್ ಎಂದು ಗೊತ್ತಾದದ್ದು 1952ರಲ್ಲಿ, ನಲವತ್ತನೇ ವಯಸ್ಸಿನಲ್ಲಿ. 1967ರಲ್ಲಿ ತೀರಿಕೊಂಡ. ಮೊದಲ ಮದುವೆಯ ಇಬ್ಬರು ಹೆಣ್ಣುಮಕ್ಕಳೂ ನಲವತ್ತೊಂದಕ್ಕೆ ಇದೇ ಕಾಯಿಲೆಗೆ ಬಲಿಯಾದರು. ಅವನಿಂದ ಬೇರೆಯಾಗಿದ್ದರೂ ಕೊನೆಯವರೆಗೆ ನೋಡಿಕೊಂಡ ಎರಡನೇ ಹೆಂಡತಿ ಮಾರ್ಜರಿ ಅದೇ 1967ರಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಇಂಥ ಮನೆಯವರನ್ನು ಹುಡುಕಿ ಒಂದು ಸಂಘ ಕಟ್ಟಿದಳು.

ತಿಳಿಯಬೇಕೇ, ಬೇಡವೇ

1993ರಿಂದ ಈ ಕಾಯಿಲೆಗೆ ನೇರ ಪರೀಕ್ಷೆ ಇದೆ. ಕೆಲವೇ ಮಿಲಿಲೀಟರ್ ರಕ್ತ ಸಾಕು, ಸಿಎಜಿ ಎಷ್ಟು ಸಲ ಇದೆಯೆಂದು ಎಣಿಸಿ ಹೇಳುತ್ತಾರೆ. ಲಕ್ಷಣ ಕಂಡವರಿಗೆ ಈ ಪರೀಕ್ಷೆ ಉತ್ತರ ಕೊಡುತ್ತದೆ. ಲಕ್ಷಣವೇ ಇಲ್ಲದ ಇಪ್ಪತ್ತೈದರ ಮಗಳಿಗೆ? ಹದಿನೈದು ವರ್ಷದ ನಂತರ ಬರಲಿರುವ, ಮದ್ದಿಲ್ಲದ ಕಾಯಿಲೆಯ ಸುದ್ದಿ ಇಂದೇ ಬೇಕೇ? ಅಪಾಯದಲ್ಲಿರುವ ಬಹುಪಾಲು ಜನ, ಪರೀಕ್ಷೆ ಸುಲಭವಾಗಿ ಸಿಗುವ ದೇಶಗಳಲ್ಲೂ, ಬೇಡವೆಂದೇ ಆರಿಸಿಕೊಂಡಿದ್ದಾರೆ. ಅಂತರರಾಷ್ಟ್ರೀಯ ಮಾರ್ಗಸೂಚಿ 1994ರಲ್ಲಿ ಬಂತು: ಹದಿನೆಂಟು ತುಂಬಿರಬೇಕು, ಆಪ್ತಸಮಾಲೋಚನೆ ಮೊದಲು ನಡೆಯಬೇಕು, ಯಾರ ಒತ್ತಾಯವೂ ಇರಬಾರದು. ಮದುವೆಗೆ ಮುಂಚೆ ಹುಡುಗಿಯ ರಕ್ತ ಪರೀಕ್ಷಿಸಿ ಎಂದು ಗಂಡಿನ ಕಡೆಯವರು ಕೇಳಿದರೆ ಆ ಪರೀಕ್ಷೆ ಮಾಡಲಾಗದು ಎನ್ನುವುದೇ ಸರಿಯಾದ ಉತ್ತರ. ತಿಳಿಯುವ ಹಕ್ಕೂ ತಿಳಿಯದಿರುವ ಹಕ್ಕೂ ಆ ಹುಡುಗಿಯದು.

ಪರೀಕ್ಷೆಗೆ ದಾರಿ ಮಾಡಿಕೊಟ್ಟ ನ್ಯಾನ್ಸಿ ತಮ್ಮ ಫಲಿತಾಂಶದ ಬಗ್ಗೆ ಬಹುಕಾಲ ಒಂದು ಮಾತೂ ಆಡಲಿಲ್ಲ. 2020ರಲ್ಲಿ, ಎಪ್ಪತ್ತೈದರ ಆಸುಪಾಸಿನಲ್ಲಿ, ತಮಗೂ ಕಾಯಿಲೆ ಇದೆಯೆಂದು ಬಹಿರಂಗವಾಗಿ ಹೇಳಿದರು. ನಡಿಗೆಯಲ್ಲಿ, ಮಾತಿನಲ್ಲಿ ಅದು ಆಗಲೇ ಕಾಣುತ್ತಿತ್ತು.

ಮೈಯೊಳಗೇ ಬೆಳೆಯುವ ಸಾಲು

ಹುಟ್ಟಿದಂದಿನಿಂದ ಇರುವ ದೋಷ ನಲವತ್ತರವರೆಗೆ ಏಕೆ ಸುಮ್ಮನಿರುತ್ತದೆ? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ತೀರ ಈಚೆಗೆ. ಸಾವಿರಾರು ರೋಗಿಗಳ ಡಿಎನ್‌ಎ ಹೋಲಿಸಿದ 2015ರ ಅಧ್ಯಯನದಲ್ಲಿ, ಕಾಯಿಲೆ ಬೇಗ ಬರುವುದೋ ತಡವಾಗಿ ಬರುವುದೋ ಎಂಬುದು ಡಿಎನ್‌ಎ ರಿಪೇರಿ ಮಾಡುವ ವಂಶವಾಹಿಗಳನ್ನೂ ಅವಲಂಬಿಸಿದೆ ಎಂಬ ಸುಳಿವು ಸಿಕ್ಕಿತು. 2025ರ ಜನವರಿಯಲ್ಲಿ ಹಾರ್ವರ್ಡ್‌ನ ಸ್ಟೀವನ್ ಮೆಕ್ಯಾರಲ್ ತಂಡ ಅದನ್ನು ಬಿಡಿಬಿಡಿ ನರಕೋಶಗಳಲ್ಲಿ ನೋಡಿ ತೋರಿಸಿತು. ಸತ್ತ ರೋಗಿಗಳ ಮನೆಯವರು ದಾನ ಕೊಟ್ಟ ಮಿದುಳುಗಳು ಅವು.

ಅವರು ಕಂಡದ್ದು ಹೀಗಿದೆ. ಸ್ಟ್ರಯಾಟಮ್‌ನ ನರಕೋಶಗಳಲ್ಲಿ ಸಿಎಜಿ ಸಾಲು ಜೀವನವಿಡೀ ಬೆಳೆಯುತ್ತಲೇ ಇರುತ್ತದೆ. ನಲವತ್ತರಿಂದ ಎಂಬತ್ತಕ್ಕೆ ಏರಲು ದಶಕಗಳು ಬೇಕು. ಆಮೇಲೆ ವೇಗ ಹೆಚ್ಚಿ ಕೆಲವೇ ವರ್ಷಗಳಲ್ಲಿ 150 ದಾಟುತ್ತದೆ. ಅಲ್ಲಿಯವರೆಗೂ ಕೋಶ ಆರೋಗ್ಯವಾಗಿಯೇ ಇರುತ್ತದೆ. ದಾಟಿದ ಮೇಲೆ ತನ್ನ ಕೆಲಸ ಮರೆತು ಸಾಯುತ್ತದೆ. ಕೋಶಗಳು ಒಂದೊಂದೂ ಬೇರೆ ಬೇರೆ ದಿನ ಆ ಗೆರೆ ದಾಟುತ್ತವೆ. ಡಿಎನ್‌ಎಯನ್ನು ಸರಿಪಡಿಸಬೇಕಾದ ರಿಪೇರಿ ವ್ಯವಸ್ಥೆಯೇ ಎಡವಿ ಸಾಲು ಬೆಳೆಸುತ್ತಿದೆ. ಹಾಗಾದರೆ ಆ ಬೆಳವಣಿಗೆಯನ್ನು ನಿಧಾನಿಸಿದರೆ ಕಾಯಿಲೆಯನ್ನು ಎಂಬತ್ತು, ತೊಂಬತ್ತರ ಆಚೆಗೆ ತಳ್ಳಬಹುದಲ್ಲ! ಹಲವು ಕಂಪನಿಗಳು ಈಗ ಬೆನ್ನು ಹತ್ತಿರುವುದು ಈ ಆಸೆಯನ್ನೇ.

ಇಂದು ಕೈಯಲ್ಲಿರುವ ಮಾತ್ರೆಗಳಲ್ಲಿ ಮುಖ್ಯವಾದದ್ದು ಟೆಟ್ರಾಬೆನಜೀನ್. ಅಂಗಾಂಗಗಳ ಕುಣಿತವನ್ನು ಅದು ತಗ್ಗಿಸುತ್ತದೆ, ಕೋಶಗಳ ಸಾವನ್ನು ತಡೆಯುವುದಿಲ್ಲ. ಮಂಕು ಕವಿಯುವ ಅಪಾಯವಿರುವುದರಿಂದ ವೈದ್ಯರ ಕಣ್ಣಳತೆಯಲ್ಲೇ ತೆಗೆದುಕೊಳ್ಳಬೇಕು. ಹಂಟಿಂಗ್ಟಿನ್ ತಯಾರಿಕೆಯನ್ನೇ ತಗ್ಗಿಸುವ ಟೊಮಿನರ್ಸೆನ್ ಎಂಬ ಔಷಧದ ದೊಡ್ಡ ಪ್ರಯೋಗ 2021ರ ಮಾರ್ಚಿನಲ್ಲಿ ಅರ್ಧಕ್ಕೇ ನಿಂತಿತು. 2025ರ ಸೆಪ್ಟೆಂಬರಿನಲ್ಲಿ ಯುನಿಕ್ಯೂರ್ ಎಂಬ ಕಂಪನಿ, ಮಿದುಳಿಗೆ ಶಸ್ತ್ರಚಿಕಿತ್ಸೆಯ ಮೂಲಕ ಒಮ್ಮೆ ಮಾತ್ರ ಕೊಡುವ ಎಎಮ್‌ಟಿ-130 ಎಂಬ ಜೀನ್ ಚಿಕಿತ್ಸೆಯ ಹೆಚ್ಚಿನ ಡೋಸ್ ಪಡೆದವರಲ್ಲಿ ಮೂರು ವರ್ಷಗಳಲ್ಲಿ ಕಾಯಿಲೆಯ ವೇಗ ಶೇಕಡಾ 75ರಷ್ಟು ತಗ್ಗಿದೆಯೆಂದು ಪ್ರಕಟಿಸಿತು. ಮೂರು ವರ್ಷ ಪೂರೈಸಿದವರು ಕೇವಲ 12 ಮಂದಿ. ಹೋಲಿಸಿದ್ದು ಬೇರೆಡೆ ದಾಖಲಾದ ರೋಗಿಗಳೊಂದಿಗೆ. ಆ ಹೋಲಿಕೆ ಸಾಕೇ ಎಂದು ಅಮೆರಿಕದ ಔಷಧ ಪ್ರಾಧಿಕಾರ ಎರಡೇ ತಿಂಗಳಲ್ಲಿ ಪ್ರಶ್ನೆ ಎತ್ತಿತು. ಹಿಗ್ಗುವ ಸುದ್ದಿಯೇ ಹೌದು, ಆದರೆ ಇದನ್ನು ತೋರಿಸಿ ಮನೆಮಾರು ಮಾರಿಸುವ ದಲ್ಲಾಳಿಗಳು ಬಂದರೆ ಬಾಗಿಲು ಹಾಕಿ.

ಮರಕೈಬೊದವರಿಗೆ ಏನು ಸಿಕ್ಕಿತು? 2017ರ ಮೇ 18ರಂದು ಪೋಪ್ ಫ್ರಾನ್ಸಿಸ್ ವ್ಯಾಟಿಕನ್‌ನಲ್ಲಿ ಹಂಟಿಂಗ್ಟನ್ ಕುಟುಂಬಗಳನ್ನು ಭೇಟಿಯಾದರು. ದಕ್ಷಿಣ ಅಮೆರಿಕದ ಬಡ ಹಳ್ಳಿಗಳಿಂದ ಬಂದವರೂ ಅಲ್ಲಿದ್ದರು. ಈ ಕಾಯಿಲೆ ಇನ್ನು ಬಚ್ಚಿಡುವಂಥದ್ದಲ್ಲ ಎಂಬುದು ಆ ದಿನದ ಘೋಷಣೆ. ಒಂದು ಅಪ್ಪುಗೆ, ಒಂದು ಫೋಟೊ. ಅವರ ರಕ್ತದಿಂದ ಹುಟ್ಟಿದ ಚಿಕಿತ್ಸೆ ಒಂದು ದಿನ ಗೆದ್ದರೆ ಅದು ಮೊದಲು ಹೋಗಬೇಕಾದದ್ದು ಬರಾಂಕಿಟಾಸ್‌ಗೆ. ಅವರು ತೋಳು ಚಾಚದಿದ್ದರೆ ಈ ಲೇಖನದಲ್ಲಿ ಬರೆಯಲು ಅರ್ಧವೂ ಇರುತ್ತಿರಲಿಲ್ಲ. ಚಿಕಿತ್ಸೆ ಅಲ್ಲಿಗೆ ಹೋಗದಿದ್ದರೆ ಅದು ಸಾಲ ತೀರಿಸದ ದ್ರೋಹ.

ನಮ್ಮ ಬಾಗಿಲಲ್ಲಿ

ಸಿಎಜಿ ಸಾಲು ಉದ್ದವಾಗಿ ಬರುವ ಕಾಯಿಲೆ ಹಂಟಿಂಗ್ಟನ್ ಒಂದೇ ಅಲ್ಲ. ನಡಿಗೆಯ ಹಿಡಿತ ತಪ್ಪಿಸುವ ಅಟಾಕ್ಸಿಯಾಗಳ ಗುಂಪೇ ಇದೆ. ಎಸ್‌ಸಿಎ-1, 2, 3 ಭಾರತದಲ್ಲಿ ಕಾಣುವಂಥವು. ಎಸ್‌ಸಿಎ-12 ಎಂಬುದು ಜಗತ್ತಿನಲ್ಲೇ ಅಪರೂಪ, ನಮ್ಮ ದೇಶದ ಅಗರ್‌ವಾಲ್ ಸಮುದಾಯದಲ್ಲಿ ಮಾತ್ರ ಎದ್ದು ಕಾಣುತ್ತದೆ. ಕೈ ನಡುಕದಿಂದ ಅದು ಶುರುವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಹಂಟಿಂಗ್ಟನ್ ಮತ್ತು ಈ ಅಟಾಕ್ಸಿಯಾಗಳ ವಂಶವಾಹಿ ಪರೀಕ್ಷೆಯೂ ಆಪ್ತಸಮಾಲೋಚನೆಯೂ ಇದೆ.

ನಿಮ್ಮ ಬೀದಿಯಲ್ಲಿ ಒಬ್ಬರು ತೂರಾಡುತ್ತ ಬಂದರೆ ಬಾಯಿಯ ವಾಸನೆ ನೋಡುವ ಮೊದಲು ಕೈ ಕೊಟ್ಟು ಕೂರಿಸಿ. ಅವರ ಅಪ್ಪನೋ ದೊಡ್ಡಮ್ಮನೋ ಹೀಗೆಯೇ ಇದ್ದರೇ ಎಂದು ಮೆಲ್ಲಗೆ ಕೇಳಿ. ನಿಮ್ಮ ಮನೆಯದೇ ವಿಷಯವಾಗಿದ್ದರೆ ನರರೋಗ ತಜ್ಞರ ಬಳಿ ಹೊರಡುವ ಮುನ್ನ ಹಿರಿಯರನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಮೂರು ತಲೆಮಾರಿನವರ ಹೆಸರು ಬರೆದುಕೊಳ್ಳಿ. ಯಾರು ಎಷ್ಟನೇ ವಯಸ್ಸಿಗೆ ತೀರಿಕೊಂಡರು, ಯಾರ ಕೈಕಾಲು ಆಡುತ್ತಿತ್ತು, ಯಾರನ್ನು ಕುಡುಕ ಎಂದು ಮನೆಯಿಂದ ಹೊರಗಿಟ್ಟಿದ್ದರು, ಎಲ್ಲವನ್ನೂ ಬರೆಯಿರಿ. ಆ ಹಾಳೆಯನ್ನು ಮರೆಯದೆ ಜೊತೆಗೆ ತೆಗೆದುಕೊಂಡು ಹೋಗಿ.